ಪವನ್ ಮಂಡಿಗೆ ಲೆಕ್ಕ ಇದೆ, ಸೋಲೂರಿನ ಹುಡುಗನ ಮಂಡಿಗೆ?

ಪ್ರೊ ಕಬಡ್ಡಿ 12ನೇ ಸೀಸನ್ ಅಕ್ಟೋಬರ್ 31ಕ್ಕೆ ಮುಗೀತು. ಪುಣೇರಿ ಪಲ್ಟನ್ ತಂಡವನ್ನು 31-28ರಲ್ಲಿ ಸೋಲಿಸಿ ದಬಾಂಗ್ ಡೆಲ್ಲಿ ಕಪ್ ಎತ್ತಿದ್ದೂ ಆಯ್ತು. ಆದರೆ ಸೋಲೂರಿನ ಟೀ ಅಂಗಡಿಯಲ್ಲಿ ಸೀಸನ್ ಇನ್ನೂ ನಡೀತಾನೇ ಇದೆ.

ಸೋಲೂರು ನಮ್ಮಜ್ಜಿ ಊರಿಗೆ ಹೋಗೋ ದಾರಿ. ನೆಲಮಂಗಲ ದಾಟಿ ಕುಣಿಗಲ್ ಕಡೆ ಹೋಗುವ ಹೆದ್ದಾರಿಯಲ್ಲಿ ಇಳಿದರೆ, ಊರೊಳಗೆ ಕಾಲಿಡೋ ಮೊದಲು ಅಲ್ಲಿ ಒಂದು ಟೀ ಕುಡಿಯೋದು ನನ್ನ ಅಭ್ಯಾಸ. ಈ ಸಲ ಹೋದಾಗ ಐದಾರು ಹುಡುಗರು ಬೆಂಗಳೂರು ಬುಲ್ಸ್ ಬಗ್ಗೆ ಜೋರಾಗಿ ಜಗಳಕ್ಕೆ ಬಿದ್ದಿದ್ದರು.

"ಅಲಿರೆಝಾ ಒಬ್ಬನೇ ಎಷ್ಟು ಅಂತ ರೈಡ್ ಮಾಡ್ತಾನೆ? ಇನ್ನೊಬ್ಬ ರೈಡರ್ ಇದ್ದಿದ್ರೆ ಫೈನಲ್ ನಮ್ದೇ ಆಗಿತ್ತು."

"ರೈಡ್ ಅಲ್ಲ ಕಣ್ಲಾ, ಪಟ್ನಾ ಮ್ಯಾಚ್ ನೋಡಿಲ್ವಾ? ಡಿಫೆನ್ಸ್ ಎಲ್ಲಿತ್ತು ಅವತ್ತು?"

"ಮುಂದಿನ ವರ್ಷ ರಮೇಶ್ ಸರ್ ಇದ್ರೆ ಕಪ್ ಗ್ಯಾರಂಟಿ. ಬರೆದಿಟ್ಕೊ."

ನಾನೂ ಜಗಳಕ್ಕೆ ಸೇರಿಕೊಂಡೆ. ಇಂಜಿನಿಯರಿಂಗ್ ಓದೋವಾಗ ಕಾಲೇಜು ತಂಡದ ಬೆಂಚಿನಲ್ಲಿ ಕೂತಿದ್ದೇ ನನ್ನ ಕಬಡ್ಡಿ ಸಾಧನೆ. ಆದರೂ ಅಭಿಪ್ರಾಯಕ್ಕೇನೂ ಕೊರತೆ ಇಲ್ಲ.

ಮೊದಲು ಅವರ ವಾದವನ್ನೇ ಗಂಭೀರವಾಗಿ ತಗೊಳ್ಳೋಣ. ಯಾಕಂದ್ರೆ ಅದರೊಳಗೇ ಒಂದು ದೊಡ್ಡ ಪ್ರಶ್ನೆ ಇದೆ.

ಬುಲ್ಸ್ ಫಾರ್ಮ್: ಕೊನೆಯಿಂದ ಮೂರಕ್ಕೆ

2024ರ 11ನೇ ಸೀಸನ್ ನೆನಪಿದೆಯಲ್ಲ? 22 ಪಂದ್ಯ, ಗೆದ್ದಿದ್ದು ಬರೀ 2. 12 ತಂಡಗಳಲ್ಲಿ 12ನೇ ಸ್ಥಾನ. ಆ ಸಲ ಬುಲ್ಸ್ ದುಡ್ಡು ಸುರಿದಿದ್ದು ಹೆಸರುಗಳ ಮೇಲೆ. ಅಜಿಂಕ್ಯ ಪವಾರ್‌ಗೆ 1 ಕೋಟಿ 10 ಲಕ್ಷದ ಮೇಲೆ, ಪ್ರದೀಪ್ ನರ್ವಾಲ್‌ಗೆ 70 ಲಕ್ಷ. ಪ್ರದೀಪ್ ಲೀಗಿನ ಚರಿತ್ರೆಯಲ್ಲೇ ಅತಿ ಹೆಚ್ಚು ರೈಡ್ ಪಾಯಿಂಟ್ ಗಳಿಸಿದವನು. 2015ರಲ್ಲಿ ಲೀಗಿಗೆ ಕಾಲಿಟ್ಟಿದ್ದೂ ಬುಲ್ಸ್‌ನಿಂದಲೇ, ಕೊನೆಯ ಸೀಸನ್ ಆಡಿದ್ದೂ ಬುಲ್ಸ್‌ನಲ್ಲೇ. 2025ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ, ನಿವೃತ್ತಿ ಘೋಷಿಸಿದ. ಕಾಲು ಮೊದಲಿನಷ್ಟು ಚುರುಕಾಗಿಲ್ಲ ಅನ್ನೋದನ್ನ ಮಾರುಕಟ್ಟೆ ಎರಡೇ ದಿನದ ಹರಾಜಿನಲ್ಲಿ ಹೇಳಿ ಮುಗಿಸಿತು.

12ನೇ ಸೀಸನ್‌ಗೆ ಬುಲ್ಸ್ ದಾರಿ ಬದಲಿಸಿತು. ನಮ್ಮವರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಕೊಡಿಸಿದವರು. ಶುರುವೇನೂ ಚೆನ್ನಾಗಿರಲಿಲ್ಲ. ಪುಣೆ ವಿರುದ್ಧ 32-32 ಸಮ ಆಗಿ ಟೈಬ್ರೇಕರ್‌ನಲ್ಲಿ ಸೋಲು, ಆಮೇಲೆ ಇನ್ನೆರಡು ಸೋಲು. "ಮತ್ತೆ ಅದೇ ರಾಗ" ಅಂತ ನಾವೆಲ್ಲ ಟಿವಿ ಆಫ್ ಮಾಡೋ ಹೊತ್ತಿಗೆ ತಂಡ ಎದ್ದು ನಿಂತಿತು. ಇರಾನಿನ ರೈಡರ್ ಅಲಿರೆಝಾ ಮಿರ್ಝಾಯಿಯಾನ್ ಪಾಯಿಂಟ್ ತಂದ, ದೀಪಕ್ ಶಂಕರ್ ಮತ್ತು ಯೋಗೇಶ್ ಹಿಡಿದು ನಿಲ್ಲಿಸಿದರು, ನಡುವೆ ಗಣೇಶ ಹನಮಂತಗೋಳ ಕೂಡ ಕೈಕೊಟ್ಟ ಪಂದ್ಯಗಳನ್ನು ಎತ್ತಿ ನಿಲ್ಲಿಸಿದ. ಲೀಗ್ ಹಂತ ಮುಗಿದಾಗ ಬುಲ್ಸ್ 3ನೇ ಸ್ಥಾನ. ಮಿನಿ ಕ್ವಾಲಿಫೈಯರ್‌ನಲ್ಲಿ ತೆಲುಗು ಟೈಟಾನ್ಸ್ ವಿರುದ್ಧ ಸೋತು, ಎಲಿಮಿನೇಟರ್‌ನಲ್ಲಿ ಪಟ್ನಾ ಪೈರೇಟ್ಸ್ ವಿರುದ್ಧವೂ ಸೋತು ಮನೆಗೆ ಬಂದರು.

ಟೀ ಅಂಗಡಿಯಲ್ಲಿ ನಾನು ವಾದಿಸಿದ್ದು ಇಷ್ಟು: ಹೆಸರುಗಳನ್ನು ಕೊಂಡಾಗ ಬುಲ್ಸ್ ಮುಳುಗಿತು, ಬೆಂಚ್ ಕಟ್ಟಿದಾಗ ತೇಲಿತು. ಕಬಡ್ಡಿಯಲ್ಲಿ 7 ಜನ ಒಳಗೆ, 5 ಜನ ಹೊರಗೆ. ಲೀಗ್ ಹಂತದಲ್ಲೇ 18 ಪಂದ್ಯ, ಅದೂ ಎರಡು ತಿಂಗಳಿಗೂ ಕಡಿಮೆ ಅವಧಿಯಲ್ಲಿ. ಒಬ್ಬನ ಮಂಡಿ ಹೋದರೆ, ಇನ್ನೊಬ್ಬನ ಭುಜ ಜಾರಿದರೆ, ಆ 5 ಜನ ಯಾರು ಅನ್ನೋದೇ ಫೈನಲ್ ಯಾರದ್ದು ಅನ್ನೋದನ್ನ ತೀರ್ಮಾನಿಸುತ್ತೆ.

ಇದಕ್ಕೆ ಎಲ್ಲರೂ ತಲೆಯಾಡಿಸಿದರು. ಮೂಲೆಯಲ್ಲಿ ಕೂತಿದ್ದ ಒಬ್ಬ ಹುಡುಗ ಮಾತ್ರ, "ಅಣ್ಣ, ಪವನ್‌ದು ಮಂಡಿ ಹೋದಾಗ ಎಷ್ಟು ತಿಂಗಳಿಗೆ ವಾಪಸ್ ಬಂದ?" ಅಂತ ಕೇಳಿದ.

ಒಂದು ಮಂಡಿ, 2 ಕೋಟಿ 26 ಲಕ್ಷ

ಪವನ್ ಸೆಹ್ರಾವತ್ ಹೆಸರು ಹೇಳಿದರೆ ಬುಲ್ಸ್ ಅಭಿಮಾನಿಗಳಿಗೆ ಈಗಲೂ ರೋಮಾಂಚನ. 2019ರ ಜನವರಿ 5, ಮುಂಬೈ. ಗುಜರಾತ್ ವಿರುದ್ಧ ಫೈನಲ್‌ನಲ್ಲಿ ಒಬ್ಬನೇ 22 ಪಾಯಿಂಟ್. 38-33ಕ್ಕೆ ಪಂದ್ಯ ನಮ್ಮದಾಯ್ತು. ಬುಲ್ಸ್‌ಗೆ ಸಿಕ್ಕಿರುವ ಏಕೈಕ ಕಪ್ ಅದು. 2015ರ ಫೈನಲ್ ಯು ಮುಂಬಾ ಪಾಲಾಗಿತ್ತು.

ಮೂರು ವರ್ಷದ ಮೇಲೆ ಪವನ್‌ನನ್ನು ತಮಿಳ್ ತಲೈವಾಸ್ 2 ಕೋಟಿ 26 ಲಕ್ಷಕ್ಕೆ ಕೊಂಡಿತು. ಅವತ್ತಿಗೆ ಅದು ಲೀಗ್ ದಾಖಲೆ. 2022ರ ಅಕ್ಟೋಬರ್, ನಮ್ಮ ಕಂಠೀರವದಲ್ಲೇ ಆ ತಂಡದ ಮೊದಲ ಪಂದ್ಯ. ಎದುರಾಳಿ ರೈಡರ್‌ನನ್ನು ಹಿಡಿಯೋಕೆ ಹೋಗಿ ಮಂಡಿ ತಿರುಚಿತು. ಸೀಸನ್ ಪೂರ್ತಿ ಹೊರಗೆ.

ಆಮೇಲೇನಾಯ್ತು ನೋಡಿ. ಮರುವರ್ಷ ಜೂನ್‌ನಲ್ಲಿ ಬುಸಾನ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ಗೆ ಅವನೇ ಭಾರತದ ಕ್ಯಾಪ್ಟನ್. ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಚಿನ್ನ. ಅದೇ ತಿಂಗಳ ಹರಾಜಿನಲ್ಲಿ ತೆಲುಗು ಟೈಟಾನ್ಸ್‌ನಿಂದ 2 ಕೋಟಿ 60 ಲಕ್ಷ 50 ಸಾವಿರ. ಗಾಯದ ಮುಂಚೆಗಿಂತ ಜಾಸ್ತಿ ಬೆಲೆ.

ಇದರಲ್ಲಿ ಪವನ್‌ನ ಛಲ ಇದೆ, ಇಲ್ಲ ಅನ್ನಲ್ಲ. ಜೊತೆಗೆ ಸ್ಕ್ಯಾನಿಂಗ್, ಸರ್ಜನ್, ಫಿಸಿಯೋ, ಟ್ರೇನರ್, ಮತ್ತು ಆಡದೇ ಕೂತ ತಿಂಗಳುಗಳಲ್ಲೂ ಹಸಿವಿನ ಚಿಂತೆ ಇಲ್ಲದ ಬದುಕು, ಇವೂ ಇದ್ದವು.

ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಆ ಮೂಲೆಯ ಹುಡುಗ ಎದ್ದು ನಿಂತ. ಬಲಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದ. "ನಂದೂ ಅದೇ ಅಣ್ಣ. ಒಂದು ವರ್ಷ ಆಯ್ತು" ಅಂದ.

ಮೂಳೆಗೇನೂ ಆಗಿಲ್ಲ, ಹೋಗು

ವಯಸ್ಸು 22. ಐಟಿಐ ಮುಗಿಸಿ ದಾಬಸ್‌ಪೇಟೆ ಕಡೆಯ ಗೋದಾಮೊಂದರಲ್ಲಿ ಕಾಂಟ್ರ್ಯಾಕ್ಟ್ ಕೆಲಸ. ರೈಟ್ ಕಾರ್ನರ್. ಊರವರು ಹೇಳೋ ಪ್ರಕಾರ ಆಂಕಲ್ ಹೋಲ್ಡ್ ಹಾಕಿದ ಅಂದ್ರೆ ರೈಡರ್ ಅಲ್ಲೇ ಕುಸೀತಿದ್ದ. ಹೋದ ವರ್ಷ ರಾಜ್ಯೋತ್ಸವದ ಟೂರ್ನಮೆಂಟ್‌ನಲ್ಲಿ, ರಾತ್ರಿ ಒಂದು ಗಂಟೆ ಸುಮಾರಿಗೆ, ದಿನದ ನಾಲ್ಕನೇ ಪಂದ್ಯದಲ್ಲಿ ಮಂಡಿಯೊಳಗೆ 'ಟಪ್' ಅಂತ ಸದ್ದು ಬಂತಂತೆ.

ಗೆಳೆಯರು ಬೈಕಿನಲ್ಲಿ ಮಧ್ಯ ಕೂರಿಸಿಕೊಂಡು ಕರೆದೊಯ್ದರು. ಬೆಳಗ್ಗೆ ಎಕ್ಸ್‌ರೇ. "ಮೂಳೆಗೇನೂ ಆಗಿಲ್ಲ, ಹೋಗು" ಅಂದರು. ನಾಟಿ ಕಟ್ಟು ಕಟ್ಟಿಸಿದರು. ಮೂರು ವಾರಕ್ಕೆ ಊತ ಇಳಿಯಿತು, ನಡೆಯೋಕೆ ಬಂತು. ಎರಡು ತಿಂಗಳಿಗೆ ಮತ್ತೆ ಅಂಕಣಕ್ಕಿಳಿದ. ಮತ್ತೆ ಮಂಡಿ ಜಾರಿತು. ಎಂಟು ತಿಂಗಳ ಮೇಲೆ ಸಾಲ ಮಾಡಿ ಎಂಆರ್‌ಐ ಮಾಡಿಸಿದಾಗ ಗೊತ್ತಾಯ್ತು: ಎಸಿಎಲ್ ಪೂರ್ತಿ ಹರಿದಿದೆ, ಜೊತೆಗೆ ಮೆನಿಸ್ಕಸ್ ಕೂಡ.

ಎಸಿಎಲ್ ಅಂದರೆ ಮಂಡಿಯೊಳಗೆ ತೊಡೆಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಹಿಡಿದಿಡುವ ಗಟ್ಟಿ ಪಟ್ಟಿ. ಓಡುತ್ತಾ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿದಾಗ, ಊರಿದ ಕಾಲಿನ ಮೇಲೆ ಮೈ ತಿರುಗಿದಾಗ ಅದು ಹರಿಯುತ್ತೆ. ಕಬಡ್ಡಿ ಅಂದ್ರೇನೇ ಇದು ತಾನೇ? ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತೆ, ಲಿಗಮೆಂಟ್ ಕಾಣಲ್ಲ. ಊತ ತಾನಾಗೇ ಇಳಿಯೋದರಿಂದ ವಾಸಿ ಆಯ್ತು ಅನ್ನಿಸುತ್ತೆ. ಆದರೆ ಪೂರ್ತಿ ಹರಿದ ಎಸಿಎಲ್ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳಲ್ಲ. ಮತ್ತೆ ಆಡಬೇಕು ಅಂದರೆ ಹೆಚ್ಚಿನವರಿಗೆ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಹೊಸ ಪಟ್ಟಿ ಹಾಕುವ ಆಪರೇಷನ್ ಬೇಕು, ಆಮೇಲೆ ಸುಮಾರು 9 ತಿಂಗಳ ಕಟ್ಟುನಿಟ್ಟಿನ ವ್ಯಾಯಾಮ. ಅದಿಲ್ಲದೆ ಆಡಿದರೆ ಪ್ರತಿ ಸಲ ಮಂಡಿ ಜಾರಿದಾಗಲೂ ಒಳಗಿನ ಮೆತ್ತೆ ಇನ್ನಷ್ಟು ಸವೆಯುತ್ತೆ. ಅದರ ಬೆಲೆ ನಲವತ್ತರ ಹೊತ್ತಿಗೆ ಕಟ್ಟಬೇಕಾಗುತ್ತೆ.

ಸರ್ಕಾರಿ ಯೋಜನೆ ಇಲ್ವಾ ಅಂತ ನೀವು ಕೇಳಬಹುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಅಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿಂದ ರೆಫರಲ್. ಏನಾಗಿದೆ ಅಂತಾನೇ ಗೊತ್ತಾಗದವನಿಗೆ ಯಾವ ರೆಫರಲ್? ಆಪರೇಷನ್ ಆದ ಮೇಲಿನ ತಿಂಗಳುಗಟ್ಟಲೆ ಫಿಸಿಯೋಥೆರಪಿಗೆ ಬಸ್ ಹತ್ತಿ ಹೋಗಿ ಬರೋದು, ಕಳೆದುಕೊಂಡ ಕೂಲಿ, ಇವೆಲ್ಲ ಅವನ ಜೇಬಿನದ್ದೇ. ಇಎಸ್‌ಐ ಇದ್ದರೆ ಕಾಯಿಲೆ ರಜೆಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತೆ. ಅದಕ್ಕೆ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಈ ಹುಡುಗನ ಕಾಂಟ್ರ್ಯಾಕ್ಟರ್ ಬದಲಾದಾಗ ನಡುವೆ ಕೆಲಸ ತಪ್ಪಿತ್ತು. 78 ದಿನ ತುಂಬಲಿಲ್ಲ.

ಪವನ್ ಮಂಡಿ ಹೋದ ಸುದ್ದಿ ಅವತ್ತು ರಾತ್ರಿಯೇ ದೇಶಕ್ಕೆಲ್ಲ ಗೊತ್ತಾಯ್ತು. ಇವನ ಮಂಡಿ ಹೋಗಿದ್ದು ಇವನಿಗೇ ಗೊತ್ತಾಗೋಕೆ ಎಂಟು ತಿಂಗಳು ಬೇಕಾಯ್ತು.

ಹೊನಲು ಬೆಳಕಿನ ಲೆಕ್ಕಾಚಾರ

ನಮ್ಮ ಕಡೆ ಹಬ್ಬ, ಜಾತ್ರೆ, ರಾಜ್ಯೋತ್ಸವ, ನಾಯಕರ ಹುಟ್ಟುಹಬ್ಬ, ಏನೇ ಬಂದರೂ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ' ಇದ್ದೇ ಇರುತ್ತೆ. ಫ್ಲೆಕ್ಸ್ ಒಂದು ಸಲ ಸರಿಯಾಗಿ ಓದಿ. ಮೇಲೆ ದೊಡ್ಡ ನಾಯಕರು, ಕೆಳಗೆ ಸಣ್ಣ ನಾಯಕರು, ಅದರ ಕೆಳಗೆ ಮುಂದಿನ ಜಿಲ್ಲಾ ಪಂಚಾಯಿತಿ ಚುನಾವಣೆಗೆ ಟಿಕೆಟ್ ಕಾಯುತ್ತಿರುವವರು. ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಟ್ರೋಫಿ, ಪ್ರವೇಶ ಶುಲ್ಕ. ಕೊನೆಯ ಸಾಲಿನಲ್ಲಿ, 'ಆಟಗಾರರಿಗೆ ಆಗುವ ಯಾವುದೇ ಅನಾಹುತಕ್ಕೆ ಆಯೋಜಕರು ಜವಾಬ್ದಾರರಲ್ಲ'.

ಲೈಟಿಗೆ ದುಡ್ಡಿದೆ, ಡಿಜೆಗೆ ದುಡ್ಡಿದೆ, ಹಾರ-ಶಾಲಿಗೆ ದುಡ್ಡಿದೆ. ಐಸ್ ಬಾಕ್ಸ್‌ಗಿಲ್ಲ. ರಾತ್ರಿಯೆಲ್ಲಾ ಆಡಿಸಿ ಬೆಳಗಿನ ಜಾವಕ್ಕೆ ಫೈನಲ್ ಇಡುತ್ತಾರೆ. ಒಂದೇ ರಾತ್ರಿ ಐದು ಪಂದ್ಯ ಆಡುವ ಹುಡುಗನ ಸ್ನಾಯು ಸುಸ್ತಾದಾಗ ಇಡೀ ಭಾರ ಲಿಗಮೆಂಟ್ ಮೇಲೆ ಬೀಳುತ್ತೆ. ಯಂತ್ರಕ್ಕಾದರೂ ಲೋಡ್ ಎಷ್ಟು, ವಿಶ್ರಾಂತಿ ಎಷ್ಟು ಅಂತ ಬರೆದಿಡುತ್ತೀವಿ. ನಾನು ಓದಿದ ಮೆಕ್ಯಾನಿಕಲ್ ಇಂಜಿನಿಯರಿಂಗ್‌ನ ಮೊದಲ ವರ್ಷದ ಪಾಠ ಅದು.

ಜೀವಕ್ಕೇ ಸಂಚಕಾರ ಬಂದದ್ದೂ ಇದೆ. 2022ರ ಜುಲೈನಲ್ಲಿ ತಮಿಳುನಾಡಿನ ಕಡಲೂರು ಜಿಲ್ಲೆಯ ಹಳ್ಳಿ ಪಂದ್ಯವೊಂದರಲ್ಲಿ ರೈಡ್‌ಗೆ ಹೋದ ಯುವಕ ಅಂಕಣದಲ್ಲೇ ಕುಸಿದು ತೀರಿಕೊಂಡ. ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ನೋಡಿ, ಮರುಗಿ, ಫಾರ್ವರ್ಡ್ ಮಾಡಿ ಸುಮ್ಮನಾದೆವು.

ರಗ್ಬಿ ದೇಶಗಳು ಏನು ಮಾಡಿದವು?

ಮೈಗೆ ಮೈ ತಾಗಿಸಿ ಆಡೋ ಆಟದಲ್ಲಿ ಗಾಯ ಆಗೋದೇ, ಅದಕ್ಕೇನು ಮಾಡೋಕಾಗುತ್ತೆ ಅನ್ನೋರಿಗೆ ರಗ್ಬಿ ಕಡೆ ಒಮ್ಮೆ ನೋಡಿ ಅಂತೀನಿ. 2025ರ ಜೂನ್‌ನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಗಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ನಮಗೂ ಒಂದು ತಂಡ ಸಿಕ್ಕಿದೆ. ಕಬಡ್ಡಿಗೆ ಅದು ದೊಡ್ಡಪ್ಪನ ಮಗನಿದ್ದ ಹಾಗೆ. ಹಿಡಿಯೋದು, ಕೆಡವೋದು, ಎದ್ದು ಮತ್ತೆ ಓಡೋದು.

ಇಂಗ್ಲೆಂಡಿನ ಸ್ಟೀವ್ ಥಾಂಪ್ಸನ್ 2003ರಲ್ಲಿ ರಗ್ಬಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದ. 2020ರಲ್ಲಿ, ಇನ್ನೂ 42ರ ವಯಸ್ಸಿಗೇ ತನಗೆ ಮರೆವಿನ ಕಾಯಿಲೆ ಬಂದಿದೆ, ಆ ಕಪ್ ಗೆದ್ದಿದ್ದೇ ನೆನಪಿಲ್ಲ ಅಂತ ಹೇಳಿಕೊಂಡ. ತಲೆಗೆ ಬಿದ್ದ ಪೆಟ್ಟುಗಳನ್ನು ಆಡಳಿತ ಮಂಡಳಿಗಳು ಗಂಭೀರವಾಗಿ ತಗೊಳ್ಳಲಿಲ್ಲ ಅಂತ ಅವನೂ ಬೇರೆ ಆಟಗಾರರೂ ಕೋರ್ಟಿಗೆ ಹೋದರು. ಅಲ್ಲೂ ಅಭಿಮಾನಿಗಳು ವರ್ಷಾನುಗಟ್ಟಲೆ 'ಮುಂದಿನ ಪಂದ್ಯಕ್ಕೆ ಅವನಿರ್ತಾನಾ' ಅಂತಷ್ಟೇ ಕೇಳಿದ್ದರು.

ಇನ್ನೊಂದು ಕಡೆ ನ್ಯೂಜಿಲೆಂಡ್. ಅಲ್ಲಿ 1974ರ ಏಪ್ರಿಲ್‌ನಿಂದ ಎಸಿಸಿ ಅನ್ನುವ ಸಾರ್ವಜನಿಕ ಅಪಘಾತ ವಿಮೆ ಇದೆ. ಫ್ಯಾಕ್ಟರಿಯಲ್ಲಿ ಬಿದ್ದರೂ, ಮನೆಯಲ್ಲಿ ಜಾರಿದರೂ, ಭಾನುವಾರ ಊರಿನ ಕ್ಲಬ್ಬಿಗೆ ರಗ್ಬಿ ಆಡಿ ಮಂಡಿ ಮುರಿದುಕೊಂಡರೂ, ಯಾರ ತಪ್ಪು ಅಂತ ಕೇಳದೆ ಚಿಕಿತ್ಸೆಗೆ ನೆರವು. ದುಡಿಯೋ ಮನುಷ್ಯ ಕೆಲಸಕ್ಕೆ ಹೋಗೋಕಾಗದಿದ್ದರೆ ಆದಾಯದ ಶೇ 80ರವರೆಗೆ ಪರಿಹಾರ. ಬದಲಿಗೆ, ಗಾಯಕ್ಕೆ ಪರಿಹಾರ ಕೊಡಿ ಅಂತ ಕೋರ್ಟಿಗೆ ಹೋಗುವ ಹಕ್ಕನ್ನು ಜನ ಬಹುಮಟ್ಟಿಗೆ ಬಿಟ್ಟುಕೊಟ್ಟಿದ್ದಾರೆ. ಅಷ್ಟು ಸಣ್ಣ ದೇಶ ರಗ್ಬಿಯಲ್ಲಿ ಜಗತ್ತನ್ನೇ ಗೆಲ್ಲುತ್ತೆ ಅಂದಾಗ ನಾವು ಅವರ ಮೈಕಟ್ಟಿನ ಬಗ್ಗೆ ಮಾತಾಡ್ತೀವಿ. ಗಾಯವಾದ ಹುಡುಗ ಆಟ ಬಿಟ್ಟು ಹೋಗದ ಹಾಗೆ ನೋಡಿಕೊಂಡಿದ್ದನ್ನು ಮಾತಾಡಲ್ಲ.

'ನಮ್ಮ ತಂಡದಲ್ಲಿ ನಮ್ಮವರೆಷ್ಟು?'

ಪ್ರತಿ ಹರಾಜು ಆದಾಗಲೂ ಈ ಪ್ರಶ್ನೆ ಟ್ರೆಂಡ್ ಆಗುತ್ತೆ. ಬುಲ್ಸ್‌ನಲ್ಲಿ ಕನ್ನಡಿಗರು ಯಾಕಿಲ್ಲ? ಹರಿಯಾಣದವರೇ ಯಾಕೆ? ನನಗೂ ಆ ಸಿಟ್ಟಿದೆ. ಆದರೆ ಸಿಟ್ಟು ಫ್ರಾಂಚೈಸಿ ಮೇಲೆ ಮಾತ್ರ ತೋರಿಸಿದರೆ ಆಗಲ್ಲ.

ರಮೇಶ್, ಹೊನ್ನಪ್ಪ ಗೌಡ, ಮಮತಾ ಪೂಜಾರಿ, ತೇಜಸ್ವಿನಿ ಬಾಯಿ, ಇವರೆಲ್ಲ ಈ ನೆಲದಿಂದಲೇ ಬಂದು ದೇಶಕ್ಕೆ ಆಡಿದವರು. ಆ ತಲೆಮಾರಿಗೆ ಆಟ ಆಡಿದರೆ ಒಂದು ಕೆಲಸ ಸಿಗುತ್ತೆ ಅನ್ನೋ ಭರವಸೆ ಇತ್ತು. ನಮ್ಮದೇ ಬ್ಯಾಂಕುಗಳು ಕಬಡ್ಡಿ ತಂಡ ಸಾಕುತ್ತಿದ್ದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐನಲ್ಲಿ ಕರಗಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯ್ತು. ಬ್ಯಾಂಕ್ ವಿಲೀನ ಅಂದಾಗ ನಾವು ಭಾಷೆ, ಶಾಖೆ, ಸಾಲದ ಬಗ್ಗೆ ಬರೆದೆವು. ಹಳ್ಳಿಯ ಕಾರ್ನರ್ ಆಟಗಾರನಿಗೆ ಒಂದು ಬಾಗಿಲು ಮುಚ್ಚಿತು ಅಂತ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಈಗ ಉಳಿದಿರೋದು ಪೊಲೀಸ್, ರೈಲ್ವೆ, ಸೇನೆಯಂಥ ಕೆಲವೇ ದಾರಿ. ಅಲ್ಲಿ ದೈಹಿಕ ಪರೀಕ್ಷೆಯಲ್ಲಿ ಓಡಬೇಕು. ಹರಿದ ಮಂಡಿ ಇಟ್ಟುಕೊಂಡು ಓಡೋದು ಹೇಗೆ?

ಬುಲ್ಸ್ ಕೂಡ ಊರಿನಲ್ಲಿಲ್ಲ. 2023ರ ಡಿಸೆಂಬರ್ ಆದ ಮೇಲೆ ಬೆಂಗಳೂರಿನಲ್ಲಿ ಅವರ ಒಂದು ಲೀಗ್ ಪಂದ್ಯವೂ ನಡೆದಿಲ್ಲ. 11ನೇ ಸೀಸನ್ ಹೈದರಾಬಾದ್, ನೊಯ್ಡಾ, ಪುಣೆ. 12ನೇ ಸೀಸನ್ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ. ಸೋಲೂರಿನಿಂದ ಬಸ್ ಹತ್ತಿ ಕಂಠೀರವಕ್ಕೆ ಹೋಗಿ ನೋಡೋ ಭಾಗ್ಯವೂ ಇಲ್ಲ.

ಸೋಲೂರಿನ ಕಥೆ ಇನ್ನೂ ಮಜಾ. ತಾಲ್ಲೂಕು ಮಾಗಡಿ, ವಿಧಾನಸಭಾ ಕ್ಷೇತ್ರ ನೆಲಮಂಗಲ. ಹೋಬಳಿಯನ್ನ ನೆಲಮಂಗಲ ತಾಲ್ಲೂಕಿಗೇ ಸೇರಿಸಿ ಅನ್ನೋ ಬೇಡಿಕೆ ಹಳೇದು. ಜಿಲ್ಲೆ ರಾಮನಗರ ಆಗಿದ್ದದ್ದು ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಿಸಿಕೊಂಡಿದೆ. "ಮ್ಯಾಟ್ ಕೇಳೋಕೆ ಮಾಗಡಿಗೆ ಹೋದ್ರೆ ನಿಮ್ಮ ಎಂಎಲ್ಎ ನೆಲಮಂಗಲದವ್ರು ಅಂತಾರೆ. ನೆಲಮಂಗಲಕ್ಕೆ ಹೋದ್ರೆ ನಿಮ್ಮ ತಾಲ್ಲೂಕು ಆಫೀಸು ಮಾಗಡಿ ಅಂತಾರೆ" ಅಂತ ಟೀ ಅಂಗಡಿಯವರು ನಕ್ಕರು. ಹುಡುಗರು ನಗಲಿಲ್ಲ.

ಕೇಳಬೇಕಾದ್ದು ದೊಡ್ಡದೇನಲ್ಲ

ನಿಯಮ ಜಾಸ್ತಿ ಮಾಡಿದರೆ ಹಳ್ಳಿ ಟೂರ್ನಮೆಂಟುಗಳೇ ನಿಂತುಹೋಗುತ್ತವೆ ಅನ್ನೋ ಆಕ್ಷೇಪ ಇದೆ. ಅದನ್ನ ತಳ್ಳಿಹಾಕೋಕಾಗಲ್ಲ. ಪರ್ಮಿಷನ್ ಹೆಸರಲ್ಲಿ ಹುಡುಗರನ್ನ ಠಾಣೆಗೆ ಅಲೆಸೋದು ಯಾರಿಗೂ ಬೇಡ. ಆದರೆ ಮೈಕ್ ಹಾಕೋಕೆ ಈಗಲೂ ಅನುಮತಿ ತಗೋತಾರಲ್ಲ? ಅದೇ ಅರ್ಜಿಯಲ್ಲಿ ಮೂರು ಸಾಲು ಸೇರಿಸೋಕೆ ಹೊಸ ಕಾನೂನೇನೂ ಬೇಕಿಲ್ಲ, ತಾಲ್ಲೂಕು ಮಟ್ಟದಲ್ಲಿ ಮನಸ್ಸಿದ್ದರೆ ಸಾಕು.

ಒಂದು, ಪ್ರವೇಶ ಶುಲ್ಕದಲ್ಲಿ ಒಂದು ಪಾಲು ಆಟಗಾರರ ಗುಂಪು ಅಪಘಾತ ವಿಮೆಗೆ ಹೋಗಲಿ. ಅದರಲ್ಲಿ ಆಸ್ಪತ್ರೆ ಖರ್ಚೂ ಇರಲಿ, ಬರೀ ಸಾವು-ಅಂಗವೈಕಲ್ಯಕ್ಕೆ ನಿಲ್ಲದಿರಲಿ. ನಾಯಕರ ಫೋಟೋ ಹಾಕುವ ಫ್ಲೆಕ್ಸ್ ಪ್ರಾಯೋಜಕರೇ ಕಟ್ಟಿದರೂ ಸರಿ.

ಎರಡು, ಅಂಕಣದ ಪಕ್ಕ ಪ್ರಥಮ ಚಿಕಿತ್ಸೆ ಗೊತ್ತಿರುವ ಒಬ್ಬರು, ಐಸ್, ಸ್ಟ್ರೆಚರ್, ಹತ್ತಿರದ 108ಕ್ಕೆ ಮುಂಚಿತವಾಗಿ ಮಾಹಿತಿ. ಒಂದು ತಂಡಕ್ಕೆ ಒಂದು ರಾತ್ರಿಗೆ ಇಷ್ಟೇ ಪಂದ್ಯ ಅನ್ನೋ ಮಿತಿ.

ಮೂರು, ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಕ್ರೀಡಾ ಗಾಯಗಳಿಗೆ ಅಂತಲೇ ಒಬ್ಬ ಮೂಳೆ ವೈದ್ಯರು, ಒಬ್ಬ ಫಿಸಿಯೋ. ಮಂಡಿ ಕೈಯಲ್ಲಿ ಹಿಡಿದು ಎಳೆದು ನೋಡಿದರೇ ಅನುಭವಿ ವೈದ್ಯರಿಗೆ ಎಸಿಎಲ್ ಬಗ್ಗೆ ಅನುಮಾನ ಬರುತ್ತೆ. ಅಲ್ಲಿಂದ ಎಂಆರ್‌ಐ, ಅಲ್ಲಿಂದ ರೆಫರಲ್. ಎಂಟು ತಿಂಗಳ ಕೆಲಸ ಎಂಟು ದಿನಕ್ಕೆ ಆಗುತ್ತೆ.

ಇದನ್ನ ಕೇಳಬೇಕಾದವರು ನಾವೇ, ಅಭಿಮಾನಿಗಳು. ಬುಲ್ಸ್ ಯಾರನ್ನ ಉಳಿಸಿಕೊಳ್ಳಬೇಕು ಅಂತ ರಾತ್ರಿಯೆಲ್ಲ ಕಾಮೆಂಟ್ ಹಾಕೋ ನಮಗೆ, ನಮ್ಮೂರ ಟೂರ್ನಮೆಂಟ್ ಫ್ಲೆಕ್ಸ್‌ನ ಆ ಕೊನೆಯ ಸಾಲನ್ನು ತೆಗೆಸೋ ಶಕ್ತಿ ಖಂಡಿತಾ ಇದೆ. ಹುಡುಗರು ಆಡಲ್ಲ ಅಂದರೆ ಯಾವ ನಾಯಕರ ಹುಟ್ಟುಹಬ್ಬಕ್ಕೂ ಪಂದ್ಯಾವಳಿ ನಡೆಯಲ್ಲ.

ಮುಂದಿನ ಸೀಸನ್ ಬುಲ್ಸ್ ಫೈನಲ್‌ಗೆ ಹೋಗುತ್ತಾ? ಅಲಿರೆಝಾ ಜೊತೆ ಇನ್ನೊಬ್ಬ ರೈಡರ್ ಸಿಕ್ಕಿ, ಈ ಡಿಫೆನ್ಸ್ ಹಾಗೇ ಉಳಿದರೆ ಹೋಗಬಹುದು ಅಂತ ನನ್ನ ಅಂದಾಜು. ಆದರೆ ಆ ತಂಡದ ರೈಟ್ ಕಾರ್ನರ್‌ನಲ್ಲಿ ಸೋಲೂರಿನ ಹುಡುಗ ಇರ್ತಾನಾ ಅಂತ ಕೇಳಿದರೆ, ನನಗೆ ಗೊತ್ತಿರೋ ಒಬ್ಬ ಇರಲ್ಲ. ಅವನ ಆಪರೇಷನ್‌ಗೆ ಇನ್ನೂ ತಾರೀಖು ಸಿಕ್ಕಿಲ್ಲ. ಹೊರಡೋವಾಗ, "ಅಣ್ಣ, ಈ ರಾಜ್ಯೋತ್ಸವಕ್ಕೂ ಟೂರ್ನಮೆಂಟ್ ಇದೆ, ಬನ್ನಿ. ನಾನು ಸ್ಕೋರ್ ಬರೀತೀನಿ" ಅಂದ.

ಹೋಗ್ತೀನಿ. ಮೊದಲು ಫ್ಲೆಕ್ಸ್ ಓದ್ತೀನಿ. ನೀವೂ ನಿಮ್ಮೂರದ್ದು ಓದಿ.